ತತ್ಕಾಲ್ ಬುಕ್ ಮಾಡುವ ಆ ಕಿಟಕಿ ಯಾರದ್ದು?

ಅರೇಬಿಕಾ ಕುಯ್ಲು ಜನವರಿ ಹೊತ್ತಿಗೆ ಮುಗಿಯುತ್ತದೆ, ರೋಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ. ಅಷ್ಟರಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯ ತೋಟಗಳ ಲೈನ್ ಮನೆಗಳಲ್ಲಿ ಗಂಟುಮೂಟೆ ಕಟ್ಟುವ ಕೆಲಸ ಶುರುವಾಗಿರುತ್ತದೆ. ಅಸ್ಸಾಂ ಕಡೆಯಿಂದ ಕುಯ್ಲಿಗೆ ಬಂದವರು ಊರಿಗೆ ಹೊರಡಬೇಕು. ಮೂಡಿಗೆರೆಗೆ ರೈಲಿಲ್ಲ, ಕಳಸಕ್ಕೂ ಇಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದಿದ್ದೇ 2013ರಲ್ಲಿ. ಗುವಾಹಟಿ ರೈಲು ಹಿಡಿಯಬೇಕು ಅಂದರೆ ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗಬೇಕು. ಕುಯ್ಲು ಯಾವತ್ತು ಮುಗಿಯುತ್ತೆ, ರೈಟರ್ ಯಾವತ್ತು ಲೆಕ್ಕ ಚುಕ್ತಾ ಮಾಡ್ತಾರೆ ಅನ್ನೋದು ಎರಡು ತಿಂಗಳ ಮುಂಚೆ ಯಾರಿಗೆ ಗೊತ್ತಿರುತ್ತೆ? ಹಾಗಾಗಿ ಬಹಳಷ್ಟು ಜನರಿಗೆ ಉಳಿಯುವ ದಾರಿ ಒಂದೇ, ತತ್ಕಾಲ್.

ರೈಲು ಹೊರಡುವ ಹಿಂದಿನ ದಿನ ಬೆಳಗ್ಗೆ 10ಕ್ಕೆ ಎಸಿ ಕ್ಲಾಸ್, 11ಕ್ಕೆ ಸ್ಲೀಪರ್ ತೆರೆಯುತ್ತದೆ. ತೋಟದ ಮೂಲೆಯಲ್ಲಿ ನಿಂತು, ಸಿಗ್ನಲ್ ಹಿಡಿದು, ನಾಲ್ಕು ಜನರ ಹೆಸರು ವಯಸ್ಸು ತುಂಬಿ, ಕ್ಯಾಪ್ಚಾ ಓದಿ, ಹಣ ಕಟ್ಟುವ ಪುಟಕ್ಕೆ ಹೋಗುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಬಂದಿರುತ್ತದೆ. ಆಗ ಯಾರೋ ಹೇಳುತ್ತಾರೆ: 'ನಮ್ಮ ಹತ್ರ ಸಾಫ್ಟ್‌ವೇರ್ ಇದೆ. ಮೇಲೆ ಸ್ವಲ್ಪ ಕೊಟ್ಟರೆ ಕನ್ಫರ್ಮ್ ಮಾಡಿಸಿಕೊಡ್ತೀವಿ. ಐಡಿ, ಪಾಸ್‌ವರ್ಡ್ ಹೇಳಿ.'

ಆ ಸಾಫ್ಟ್‌ವೇರ್ ಮಾಡೋದಾದರೂ ಏನು? ಅದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ದಿನಾ ಬಳಸುವ ಒಂದು ಸಾಮಾನ್ಯ ವಿದ್ಯೆ ಇದರ ಹಿಂದಿದೆ. ಪ್ರೋಗ್ರಾಂನ ಒಳಗೇ ಒಂದು ಬ್ರೌಸರ್ ಕೂರಿಸಿ, ಅದರಲ್ಲಿ ತೆರೆದ ಪುಟದೊಳಗೆ ಹೊರಗಿನಿಂದ ಸ್ಕ್ರಿಪ್ಟ್ ಓಡಿಸುವ ವಿದ್ಯೆ ಅದು. ಈ ವಿದ್ಯೆ ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥ ಮಾಡಿಕೊಂಡರೆ, ನಮ್ಮ ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತಿದೆ ಅನ್ನೋದೂ ಅರ್ಥವಾಗುತ್ತದೆ.

ಪ್ರೋಗ್ರಾಂನ ಹೊಟ್ಟೆಯೊಳಗೊಂದು ಬ್ರೌಸರ್

ಬ್ರೌಸರ್ ಅಂದ ತಕ್ಷಣ ನಮಗೆ ನೆನಪಾಗೋದು ಕ್ರೋಮ್, ಫೈರ್‌ಫಾಕ್ಸ್. ಆದರೆ ಬ್ರೌಸರ್‌ನ ಇಂಜಿನ್ನನ್ನು ಮಾತ್ರ ಬಿಚ್ಚಿ ಬೇರೆ ಪ್ರೋಗ್ರಾಂ ಒಳಗೆ ಕೂರಿಸಬಹುದು. ಪಂಪ್‌ಸೆಟ್ಟಿನ ಮೋಟಾರನ್ನು ಬಿಚ್ಚಿ ಪಲ್ಪರ್‌ಗೆ ಕಟ್ಟಿದ ಹಾಗೆ. 1996ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3 ಬಂದಾಗಲೇ ಮೈಕ್ರೋಸಾಫ್ಟ್ ಈ ಸೌಲಭ್ಯ ಕೊಟ್ಟಿತ್ತು. ವಿಷುವಲ್ ಬೇಸಿಕ್, ಡೆಲ್ಫಿಯಲ್ಲಿ ಬರೆಯುವವರು ತಮ್ಮ ಪ್ರೋಗ್ರಾಂನ ಕಿಟಕಿಯಲ್ಲಿ ಒಂದು ಚೌಕ ಎಳೆದರೆ ಸಾಕು, ಅದರೊಳಗೆ ವೆಬ್‌ಪುಟ ತೆರೆದುಕೊಳ್ಳುತ್ತಿತ್ತು. ಆಮೇಲೆ ಕ್ರೋಮಿಯಂ ಇಂಜಿನ್ನಿನ ಕಾಲ ಬಂತು. 2008ರಲ್ಲಿ ಸಿಇಎಫ್, 2013ರಲ್ಲಿ ಎಲೆಕ್ಟ್ರಾನ್, 2020ರಲ್ಲಿ ಮೈಕ್ರೋಸಾಫ್ಟ್‌ನ ವೆಬ್‌ವ್ಯೂ2. ಹಳೇ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ವಿದಾಯ ಹೇಳಿತು. ಆದರೂ ಅದರ ಇಂಜಿನ್ ಹೊಟ್ಟೆಯಲ್ಲಿಟ್ಟುಕೊಂಡ ಹಳೇ ಪ್ರೋಗ್ರಾಂಗಳು ಇನ್ನೂ ಇವೆ. ಬೇರೆ ಸೂಚನೆ ಕೊಡದಿದ್ದರೆ ಆ ಚೌಕ ತನ್ನನ್ನು ತಾನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 7 ಅಂತಲೇ ತಿಳಿದುಕೊಳ್ಳುತ್ತದೆ. ಹಳೇ ಲೆಕ್ಕದ ಸಾಫ್ಟ್‌ವೇರ್‌ನೊಳಗೆ ಇವತ್ತಿನ ಸರ್ಕಾರಿ ಪುಟ ತೆರೆದರೆ ಅರ್ಧಂಬರ್ಧ ಕಾಣೋದಕ್ಕೆ ಇದೂ ಒಂದು ಕಾರಣ.

ಹೀಗೆ ಕೂರಿಸೋದರಲ್ಲಿ ತಪ್ಪೇನಿಲ್ಲ. ಪ್ರೋಗ್ರಾಮರ್‌ಗಳು ಬಳಸುವ ವಿಎಸ್ ಕೋಡ್, ಹಾಡು ಕೇಳುವ ಸ್ಪಾಟಿಫೈ ಎರಡೂ ಒಳಗೆ ಬ್ರೌಸರ್ ಇಟ್ಟುಕೊಂಡಿರುವ ಡೆಸ್ಕ್‌ಟಾಪ್ ಪ್ರೋಗ್ರಾಂಗಳೇ.

ಹೊರಗಿನಿಂದ ಒಂದು ಸಾಲು ಸ್ಕ್ರಿಪ್ಟ್

ಒಂದು ಸರಳ ಉದಾಹರಣೆ ತಗೊಳ್ಳೋಣ. ಕಾಫಿ ಬೋರ್ಡ್ ತನ್ನ ತಾಣದಲ್ಲಿ ದಿನದ ಮಾರುಕಟ್ಟೆ ವರದಿ ಹಾಕುತ್ತದೆ. ನಮ್ಮಲ್ಲಿ 50 ಕೆಜಿ ಚೀಲದ ಲೆಕ್ಕದಲ್ಲಿ ಮಾತಾಡುವ ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಇತ್ಯಾದಿ ದರಗಳು. ತೋಟದ ಲೆಕ್ಕ ಬರೆಯುವ ಪ್ರೋಗ್ರಾಂ ಒಂದನ್ನು ಯಾರೋ ಹುಡುಗ ಬರೆದಿದ್ದಾನೆ ಅಂದುಕೊಳ್ಳಿ. ದರದ ಪಟ್ಟಿಯಿರುವ ಪುಟವನ್ನು ತನ್ನ ಕಿಟಕಿಯಲ್ಲೇ ತೆರೆದು, ರೋಬಸ್ಟಾ ಚೆರ್ರಿ ದರ ಇರುವ ಕೋಣೆ ಹುಡುಕಿ, ಆ ಅಂಕಿಯನ್ನು ತಾನೇ ತೋಟದ ಪುಸ್ತಕಕ್ಕೆ ಏರಿಸಿಕೊಳ್ಳಬೇಕು ಅನ್ನೋದು ಅವನ ಆಸೆ.

ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಪುಟದಲ್ಲಿ ಈಗಾಗಲೇ ಇರುವ ಒಂದು ಕೆಲಸವನ್ನು ಹೆಸರು ಹಿಡಿದು ಕರೆಯೋದು. ಹಳೇ ಇಂಜಿನ್ನಿನಲ್ಲಿ ಇದಕ್ಕೆ ಇನ್‌ವೋಕ್‌ಸ್ಕ್ರಿಪ್ಟ್ ಅನ್ನೋ ಆಜ್ಞೆ ಇತ್ತು. ಎರಡನೆಯದು, ಜಾವಾಸ್ಕ್ರಿಪ್ಟ್‌ನ ಒಂದು ತುಂಡನ್ನು ಪಠ್ಯವಾಗಿ ಬರೆದು 'ಇದನ್ನು ಆ ಪುಟದೊಳಗೆ ಓಡಿಸು' ಅಂತ ಕೊಡೋದು. ವೆಬ್‌ವ್ಯೂ2ನಲ್ಲಿ ಇದರ ಹೆಸರು ಎಕ್ಸಿಕ್ಯೂಟ್‌ಸ್ಕ್ರಿಪ್ಟ್. ಉತ್ತರ ಕೂಡಲೇ ಬರುವುದಿಲ್ಲ. ಪುಟ ಬೇರೊಂದು ಪ್ರಕ್ರಿಯೆಯಲ್ಲಿ ಓಡುತ್ತಿರುತ್ತದೆ, ಅದು ಕೆಲಸ ಮುಗಿಸಿ ಉತ್ತರವನ್ನು ಪಠ್ಯವಾಗಿ ವಾಪಸ್ ಕಳಿಸುವವರೆಗೆ ಕಾಯಬೇಕು. ಮೂರನೆಯದು, ಪುಟದ ಸ್ವಂತ ಸ್ಕ್ರಿಪ್ಟ್‌ಗಳು ಎದ್ದೇಳುವ ಮೊದಲೇ ನಮ್ಮ ಸ್ಕ್ರಿಪ್ಟ್ ಓಡುವಂತೆ ಮುಂಚೆಯೇ ನೋಂದಾಯಿಸಿ ಇಡೋದು. ಪುಟ ಏನೇ ಮಾಡಿದರೂ ಅದಕ್ಕಿಂತ ಮೊದಲು ನಾವು ಅಲ್ಲಿರುತ್ತೇವೆ. ಮೂರರಲ್ಲಿ ಬಲಶಾಲಿ ಇದೇ.

ಕೇಳೋಕೆ ಸುಲಭ, ಮಾಡುವಾಗ ತೊಡಕುಗಳಿವೆ. 'ಪುಟ ತೆರೆಯಿತು' ಅನ್ನೋ ಸೂಚನೆ ಬಂದರೂ ದರದ ಪಟ್ಟಿ ಇನ್ನೂ ಸರ್ವರ್‌ನಿಂದ ಬಂದಿರುವುದಿಲ್ಲ. ಆಗಲೇ ಸ್ಕ್ರಿಪ್ಟ್ ಓಡಿಸಿದರೆ ಖಾಲಿ ಕೈ. ಫಾರ್ಮ್ ತುಂಬುವಾಗ ಇನ್ನೊಂದು ಕಾಟ. ಹೆಸರಿನ ಚೌಕದಲ್ಲಿ ಸ್ಕ್ರಿಪ್ಟ್ ಮೂಲಕ ಅಕ್ಷರ ಇಟ್ಟರೆ ಕಣ್ಣಿಗೇನೋ ಕಾಣುತ್ತೆ, ಆದರೆ ಪುಟದ ಲೆಕ್ಕದಲ್ಲಿ ಆ ಚೌಕ ಖಾಲಿಯೇ ಇರಬಹುದು. ಇವತ್ತಿನ ಪುಟಗಳು ಯಾರಾದರೂ ಟೈಪ್ ಮಾಡಿದರಾ ಅಂತ ಕಿವಿಗೊಟ್ಟು ಕೂತಿರುತ್ತವೆ. 'ಇಲ್ಲಿ ಬದಲಾವಣೆ ಆಗಿದೆ' ಅನ್ನೋ ಸುದ್ದಿಯನ್ನೂ ಸ್ಕ್ರಿಪ್ಟೇ ಮುಟ್ಟಿಸಬೇಕು. ಇಷ್ಟು ಗೊತ್ತಿದ್ದರೆ ನಾಲ್ಕು ಜನರ ಹೆಸರು, ವಯಸ್ಸು, ಬರ್ತ್ ಎಲ್ಲವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಬಹುದು.

ಲೈನ್ ಮನೆಯ ಚಿಲಕ

ಮಾಮೂಲಿ ಬ್ರೌಸರ್‌ನಲ್ಲಿ ಪುಟಗಳ ನಡುವೆ ಬೇಲಿ ಇರುತ್ತದೆ. ಒಂದು ತಾಣದ ಸ್ಕ್ರಿಪ್ಟ್ ಇನ್ನೊಂದು ತಾಣದ ಪುಟವನ್ನು ಓದುವಂತಿಲ್ಲ. ಒಂದು ಟ್ಯಾಬ್‌ನಲ್ಲಿ ಬ್ಯಾಂಕ್, ಇನ್ನೊಂದರಲ್ಲಿ ಯಾವುದೋ ಸಿನಿಮಾ ತಾಣ ತೆರೆದಿದ್ದರೂ ನಾವು ಧೈರ್ಯವಾಗಿರೋದು ಈ ಬೇಲಿಯ ನಂಬಿಕೆಯಲ್ಲಿ. ಆದರೆ ಈ ಬೇಲಿ ಪುಟ ಪುಟಗಳ ನಡುವೆ ಹಾಕಿದ್ದು. ಬ್ರೌಸರ್ ಇಂಜಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರೋಗ್ರಾಂಗೆ ಇದು ಅನ್ವಯಿಸಲ್ಲ.

ಲೈನ್ ಮನೆಯಲ್ಲಿ ಇರುವವರು ರಾತ್ರಿ ಚಿಲಕ ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಯವರು ಒಳಗೆ ಬರೋಕಾಗಲ್ಲ. ಆದರೆ ಗೋಡೆ, ಬಾಗಿಲು, ಬೀಗದ ಇನ್ನೊಂದು ಕೈ ಎಲ್ಲವೂ ತೋಟದ ಮಾಲೀಕರದ್ದು. ಪ್ರೋಗ್ರಾಂ ಒಳಗಿನ ಬ್ರೌಸರ್‌ನಲ್ಲಿ ಪುಟದ ಸ್ಥಿತಿಯೂ ಇದೇ. ಹೊರಗಿನಿಂದ ಕೊಟ್ಟ ಸ್ಕ್ರಿಪ್ಟ್ ಆ ಪುಟದ ಸ್ವಂತ ಸ್ಕ್ರಿಪ್ಟ್‌ನಷ್ಟೇ ಅಧಿಕಾರದಿಂದ ಓಡುತ್ತದೆ. ಪಾಸ್‌ವರ್ಡ್ ಚೌಕದಲ್ಲಿ ಚುಕ್ಕೆ ಚುಕ್ಕೆಯಾಗಿ ಕಂಡರೂ ಸ್ಕ್ರಿಪ್ಟ್‌ಗೆ ಅಕ್ಷರಗಳೇ ಸಿಗುತ್ತವೆ. ಒತ್ತಿದ ಪ್ರತಿ ಕೀಲಿಯನ್ನೂ ಅದು ಬರೆದಿಟ್ಟುಕೊಳ್ಳಬಹುದು.

'ಬೀಗದ ಚಿಹ್ನೆ ಇತ್ತಲ್ಲ?' ಅಂತ ಕೇಳಬಹುದು. ಆ ಬೀಗ ಕಾಯೋದು ಕಿಟಕಿಯಿಂದ ಸರ್ವರ್‌ವರೆಗಿನ ದಾರಿಯನ್ನು. ನಡುದಾರಿಯಲ್ಲಿ ಯಾರೂ ಕದ್ದು ಓದಲಾರರು, ನಿಜ. ಕಿಟಕಿಯ ಯಜಮಾನನೇ ಓದಿದರೆ ಅದು ಏನೂ ಮಾಡಲಾರದು. ಇಷ್ಟಕ್ಕೂ ಆ ಚಿಹ್ನೆಯನ್ನು ಬಿಡಿಸುವವನೂ, ವಿಳಾಸದ ಪಟ್ಟಿ ತೋರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವನೂ ಅದೇ ಯಜಮಾನ.

ಇದು ಬರೀ ಹೆದರಿಸುವ ಮಾತಲ್ಲ. ಗೂಗಲ್ ಖಾತೆಗೆ ಲಾಗಿನ್ ಆಗುವ ಪುಟವನ್ನು ಇಂಥ ಒಳಗಿನ ಬ್ರೌಸರ್‌ಗಳಲ್ಲಿ ತೆರೆಯುವುದನ್ನು 2019ರಲ್ಲಿ ಗೂಗಲ್ ತಡೆಯಲು ಶುರುಮಾಡಿತು. ಲಾಗಿನ್ ಆಗುತ್ತಿರೋದು ಮನುಷ್ಯನೋ, ನಡುವೆ ನಿಂತ ಪ್ರೋಗ್ರಾಮೋ ಅಂತ ಹೇಳೋಕೆ ಆಗಲ್ಲ ಅನ್ನೋದು ಅದರ ವಾದವಾಗಿತ್ತು. ಅದಕ್ಕೂ ಮುಂಚೆ, 2017ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 8252 ಎಂಬ ಅಂತರ್ಜಾಲ ಮಾನದಂಡ, ಆ್ಯಪ್‌ಗಳು ಲಾಗಿನ್‌ಗಾಗಿ ತಮ್ಮೊಳಗಿನ ಬ್ರೌಸರ್ ಬಳಸಬಾರದು, ಜನರ ಮಾಮೂಲಿ ಬ್ರೌಸರ್‌ಗೇ ಕಳಿಸಬೇಕು ಅಂತ ಹೇಳಿತ್ತು. 2022ರ ಆಗಸ್ಟ್‌ನಲ್ಲಿ ಫೆಲಿಕ್ಸ್ ಕ್ರೌಸ್ ಎಂಬ ಸಂಶೋಧಕ, ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ನ ಮೊಬೈಲ್ ಆ್ಯಪ್‌ಗಳು ತಮ್ಮೊಳಗೆ ತೆರೆದ ಬೇರೆಯವರ ಪುಟಗಳಿಗೂ ತಮ್ಮ ಸ್ಕ್ರಿಪ್ಟ್ ಸೇರಿಸುತ್ತವೆ ಅಂತ ತೋರಿಸಿದ್ದರು. ಬಳಕೆದಾರರ ಆಯ್ಕೆಗೆ ಗೌರವ ಕೊಡಲಿಕ್ಕೇ ಆ ಸ್ಕ್ರಿಪ್ಟ್ ಇರೋದು ಅಂತ ಮೆಟಾ ಸಮಜಾಯಿಷಿ ಕೊಟ್ಟಿತು. ಸಮಜಾಯಿಷಿ ಏನೇ ಇರಲಿ, ಸ್ಕ್ರಿಪ್ಟ್ ಸೇರಿಸುವ ಶಕ್ತಿ ಅವರ ಕೈಯಲ್ಲಿತ್ತು.

ತತ್ಕಾಲ್: ಸೆಕೆಂಡುಗಳ ವ್ಯಾಪಾರ

ಈಗ ಟಿಕೆಟ್ ವಿಷಯಕ್ಕೆ ಬರೋಣ. ತತ್ಕಾಲ್ ಸಾಫ್ಟ್‌ವೇರ್ ಎಲ್ಲವೂ ಒಂದೇ ಥರ ಕಟ್ಟಿದ್ದಲ್ಲ. ಪುಟವನ್ನೇ ತೆರೆಯದೆ ನೇರ ಸರ್ವರ್ ಜೊತೆ ಮಾತಾಡುವಂತೆ ಬರೆಯಬಹುದು, ಬ್ರೌಸರ್‌ಗೆ ಅಂಟಿಸುವ ವಿಸ್ತರಣೆಯಾಗಿ ಬರೆಯಬಹುದು, ತನ್ನದೇ ಕಿಟಕಿಯಲ್ಲಿ ಪುಟ ತೆರೆದು ಸ್ಕ್ರಿಪ್ಟ್ ಓಡಿಸುವಂತೆ ಬರೆಯಬಹುದು. ಮೂರರಲ್ಲೂ ಮಾರುವ ಸರಕು ಒಂದೇ: ಮನುಷ್ಯ ಒಂದೆರಡು ನಿಮಿಷದಲ್ಲಿ ಮಾಡುವುದನ್ನು ಕೆಲವೇ ಸೆಕೆಂಡಿನಲ್ಲಿ ಮಾಡೋದು.

2017ರ ಡಿಸೆಂಬರ್‌ನಲ್ಲಿ ಸಿಬಿಐ ತನ್ನಲ್ಲೇ ಅಸಿಸ್ಟೆಂಟ್ ಪ್ರೋಗ್ರಾಮರ್ ಆಗಿದ್ದವರೊಬ್ಬರನ್ನು ಬಂಧಿಸಿತು. ಒಂದೇ ಸಲಕ್ಕೆ ನೂರಾರು ತತ್ಕಾಲ್ ಟಿಕೆಟ್ ಬುಕ್ ಮಾಡುವ 'ನಿಯೋ' ಎಂಬ ತಂತ್ರಾಂಶ ಬರೆದು ಏಜೆಂಟರಿಗೆ ಕೊಟ್ಟಿದ್ದರು ಅನ್ನೋದು ಆರೋಪ. ಅವರು ಅದಕ್ಕೂ ಮುಂಚೆ ಐಆರ್‌ಸಿಟಿಸಿಯಲ್ಲಿ ಕೆಲಸ ಮಾಡಿದ್ದವರು. 2020ರ ಜನವರಿಯಲ್ಲಿ ರೈಲ್ವೆ ರಕ್ಷಣಾ ಪಡೆ 'ಎಎನ್‌ಎಂಎಸ್' ಎಂಬ ತಂತ್ರಾಂಶದ ಜಾಲ ಬಯಲು ಮಾಡಿದಾಗ ಅದರ ಎಳೆ ಬೆಂಗಳೂರಿಗೂ ಬಂದಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 'ರಿಯಲ್ ಮ್ಯಾಂಗೋ' ಸುದ್ದಿ. ರೈಲ್ವೆ ರಕ್ಷಣಾ ಪಡೆಯ ಪ್ರಕಾರ ಅದು ಕ್ಯಾಪ್ಚಾ ದಾಟುತ್ತಿತ್ತು, ಪ್ರಯಾಣಿಕರ ಮತ್ತು ಪಾವತಿಯ ವಿವರ ತಾನೇ ತುಂಬುತ್ತಿತ್ತು, ಒಂದು ಮೊಬೈಲ್ ಆ್ಯಪ್ ನೆರವಿನಿಂದ ಬ್ಯಾಂಕಿನ ಓಟಿಪಿಯನ್ನೂ ಎತ್ತಿಕೊಂಡು ಫಾರ್ಮ್‌ಗೆ ಹಾಕುತ್ತಿತ್ತು. ಐದು ಹಂತದ ಮಾರಾಟ ಜಾಲ, ಮೇಲಿನವರಿಗೆ ಹಣ ಹೋಗುತ್ತಿದ್ದದ್ದು ಬಿಟ್‌ಕಾಯಿನ್‌ನಲ್ಲಿ.

ಆ ಓಟಿಪಿಯ ಮಾತನ್ನು ಗಮನಿಸಿ. ಓಟಿಪಿ ಇದ್ದ ಮೇಲೆ ಭಯವಿಲ್ಲ ಅಂತ ನಾವು ನಂಬಿದ್ದೇವೆ. ಓಟಿಪಿಯನ್ನು ತಂದು ಸುರಿಯೋದು ಅದೇ ಕಿಟಕಿಗೆ ಅಂದಮೇಲೆ, ಕಿಟಕಿಯ ಯಜಮಾನನಿಗೆ ಅದೂ ಸಿಕ್ಕಹಾಗೆಯೇ.

ತಾಣದವರು ಸುಮ್ಮನೆ ಕೂತಿಲ್ಲ. ಸ್ಕ್ರಿಪ್ಟ್ ಮಾಡಿದ ಕ್ಲಿಕ್‌ಗೂ ಮನುಷ್ಯ ಮಾಡಿದ ಕ್ಲಿಕ್‌ಗೂ ಬ್ರೌಸರ್ ಬೇರೆ ಬೇರೆ ಗುರುತು ಹಾಕುತ್ತದೆ, ಪುಟ ಅದನ್ನು ಪರೀಕ್ಷಿಸಬಹುದು. ಆದರೆ ಪ್ರೋಗ್ರಾಂ ಕ್ಲಿಕ್ಕನ್ನು ಪುಟದೊಳಗಿನಿಂದ ಮಾಡದೆ ಇಂಜಿನ್ನಿಗೇ ನೇರ ಕಳಿಸಿದರೆ, ಅದು ನಿಜವಾದ ಮೌಸ್‌ನಿಂದ ಬಂದಂತೆಯೇ ಕಾಣುತ್ತದೆ. ತಾನು ಯಾವ ಬ್ರೌಸರ್ ಅಂತ ಹೇಳಿಕೊಳ್ಳುವ ಹೆಸರನ್ನೂ ಬದಲಿಸಬಹುದು. ಪುಟದ ಒಳಗೆ ಕೂತು ಕಿಟಕಿಯ ಹೊರಗಿನವನನ್ನು ಗುರುತು ಹಿಡಿಯೋದು ಕಷ್ಟ. ಹಾಗಾಗಿ ತಾಣಗಳು ವೇಗ, ಐಪಿ ವಿಳಾಸ, ಖಾತೆಗಳ ಸಂಖ್ಯೆ ನೋಡಿ ಊಹೆ ಮಾಡುತ್ತವೆ. ತತ್ಕಾಲ್ ತೆರೆದ ಮೊದಲ ಐದು ನಿಮಿಷದ ಲಾಗಿನ್ ಪ್ರಯತ್ನಗಳಲ್ಲಿ ಅರ್ಧದಷ್ಟು ಬಾಟ್‌ಗಳದ್ದೇ ಇತ್ತು ಅಂತ 2025ರ ಜೂನ್‌ನಲ್ಲಿ ರೈಲ್ವೆಯೇ ಹೇಳಿತು. 2.5 ಕೋಟಿ ಅನುಮಾನಾಸ್ಪದ ಖಾತೆಗಳನ್ನು ನಿಷ್ಕ್ರಿಯ ಮಾಡಿದ್ದಾಗಿಯೂ ಹೇಳಿತು. ಆ ವರ್ಷ ಮೇ 22ರ ಬೆಳಗ್ಗೆ 10 ಗಂಟೆಗೆ ಒಂದೇ ನಿಮಿಷದಲ್ಲಿ 31,814 ಟಿಕೆಟ್ ಬುಕ್ ಆಗಿದ್ದವು.

ಕಾನೂನೂ ಸ್ಪಷ್ಟವಾಗಿದೆ. ಪರವಾನಗಿ ಇಲ್ಲದೆ ಟಿಕೆಟ್ ಕೊಡಿಸುವ ವ್ಯಾಪಾರಕ್ಕೆ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆ ಬಂದ 1989ರಲ್ಲಿ ಇ-ಟಿಕೆಟ್ಟೇ ಇರಲಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2025ರ ಜನವರಿ 9ರಂದು ತಳ್ಳಿಹಾಕಿ, ಆನ್‌ಲೈನ್ ಟಿಕೆಟ್‌ಗೂ ಇದೇ ಸೆಕ್ಷನ್ ಅನ್ವಯಿಸುತ್ತೆ ಅಂತ ಹೇಳಿದೆ.

ಒಂದು ಡಿ'ಸೋಜ ಸಾಕು

ನಮ್ಮ ಕಡೆ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ತೋಟಕ್ಕೆ, ಅಂಗಡಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುವುದುಂಟು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರೂ ಈ ವಿದ್ಯೆಯಲ್ಲಿ ಎಡವೋದು ಸುಲಭ. ಎರಡು ಮಾತು ಅವರಿಗೆ.

ಒಂದು, ಸ್ಕ್ರಿಪ್ಟನ್ನು ಪಠ್ಯವಾಗಿ ಕೊಡುವಾಗ ಅದರೊಳಗೆ ಬಳಕೆದಾರರ ಹೆಸರನ್ನು ಹಾಗೇ ಅಂಟಿಸುವ ಅಭ್ಯಾಸ. 'ಮಂಜಯ್ಯ' ಅಂದರೆ ಸರಿಹೋಗುತ್ತೆ. ಇಂಗ್ಲಿಷಿನಲ್ಲಿ ಡಿ'ಸೋಜ ಅಂತ ಬರೆದರೆ ಡಿ ಆದಮೇಲೆ ಒಂದು ಉದ್ಧರಣ ಚಿಹ್ನೆ ಬರುತ್ತದೆ. ಸ್ಕ್ರಿಪ್ಟ್ ಆ ಚಿಹ್ನೆ ನೋಡಿ ಹೆಸರು ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತದೆ, ಮುಂದಿನ ಅಕ್ಷರಗಳನ್ನು ಆಜ್ಞೆ ಅಂತ ಓದಲು ಹೋಗಿ ಕೆಟ್ಟು ನಿಲ್ಲುತ್ತದೆ. ಕೆಟ್ಟು ನಿಂತರೆ ಪುಣ್ಯ. ಯಾರಾದರೂ ಬೇಕಂತಲೇ ಆ ಜಾಗದಲ್ಲಿ ಆಜ್ಞೆಯನ್ನೇ ಬರೆದರೆ ಅದು ಓಡಿಯೇಬಿಡುತ್ತದೆ. ಹೆಸರನ್ನು ಜೇಸನ್ ರೂಪಕ್ಕೆ ತಿರುಗಿಸಿಯೇ ಸ್ಕ್ರಿಪ್ಟ್‌ನೊಳಗೆ ಇಡಬೇಕು.

ಎರಡು, ಪುಟದಿಂದ ಪ್ರೋಗ್ರಾಂ ಕಡೆಗೆ ಹಾಕುವ ಸೇತುವೆ. ಪುಟದ ಒಂದು ಬಟನ್ ಒತ್ತಿದರೆ ಕಂಪ್ಯೂಟರ್‌ನ ಫೈಲ್ ತೆರೆಯಲಿ, ಪ್ರಿಂಟ್ ಬರಲಿ ಅಂತ ಸೇತುವೆ ಹಾಕುತ್ತೇವೆ. ಆ ಕಿಟಕಿಯಲ್ಲಿ ಬೇರೆ ಯಾವುದೋ ಪುಟ ತೆರೆದುಕೊಂಡರೆ ಅದಕ್ಕೂ ಆ ಸೇತುವೆ ಸಿಗುತ್ತದೆ. ಎಲೆಕ್ಟ್ರಾನ್ ಇದೇ ಕಾರಣಕ್ಕೆ 2019ರಲ್ಲಿ ಪುಟಕ್ಕೆ ಕಂಪ್ಯೂಟರ್‌ನ ಅಧಿಕಾರ ಕೊಡುವ ಆಯ್ಕೆಯನ್ನು ತಾನಾಗಿಯೇ ಮುಚ್ಚಿಟ್ಟಿತು, 2021ರಲ್ಲಿ ಪುಟದ ಸ್ಕ್ರಿಪ್ಟ್‌ಗೂ ಪ್ರೋಗ್ರಾಂನ ಸ್ಕ್ರಿಪ್ಟ್‌ಗೂ ನಡುವೆ ಗೋಡೆಯನ್ನೂ ಎಬ್ಬಿಸಿತು. ನಿಮ್ಮದೇ ಪುಟಗಳಿಗೆ ಮಾತ್ರ ಸೇತುವೆ ಇರಲಿ. ಹೊರಗಿನ ಕೊಂಡಿಗಳೆಲ್ಲ ಮಾಮೂಲಿ ಬ್ರೌಸರ್‌ನಲ್ಲೇ ತೆರೆಯಲಿ. ಲಾಗಿನ್ ಪುಟವಂತೂ ಖಂಡಿತ ನಿಮ್ಮ ಕಿಟಕಿಯಲ್ಲಿ ಬೇಡ.

ಆಧಾರ್ ಬೀಗ ಬಿದ್ದಿದ್ದು ಯಾರಿಗೆ?

ಬಾಟ್‌ಗಳ ಹಾವಳಿಗೆ ರೈಲ್ವೆ ಕಂಡುಕೊಂಡ ಉತ್ತರ ಆಧಾರ್. 2025ರ ಜುಲೈ 1ರಿಂದ ಆಧಾರ್ ಪರಿಶೀಲನೆ ಆದ ಖಾತೆಗೆ ಮಾತ್ರ ಆನ್‌ಲೈನ್ ತತ್ಕಾಲ್, ಜುಲೈ 15ರಿಂದ ಬುಕ್ ಮಾಡುವಾಗ ಆಧಾರ್ ಓಟಿಪಿ. ಅಧಿಕೃತ ಏಜೆಂಟರಿಗೆ ಮೊದಲ ಅರ್ಧ ಗಂಟೆ ಪ್ರವೇಶವಿಲ್ಲ. ಸುಳ್ಳು ಖಾತೆಗಳನ್ನು ಸಾವಿರಗಟ್ಟಲೆ ಹುಟ್ಟಿಸುವವರಿಗೆ ಇದು ನಿಜಕ್ಕೂ ಪೆಟ್ಟು. ಅದನ್ನು ಒಪ್ಪೋಣ.

ಆದರೆ ಕಳಸದ ಲೈನ್ ಮನೆಯಲ್ಲಿರುವವರ ಕಡೆಯಿಂದಲೂ ನೋಡಿ. ಎನ್‌ಆರ್‌ಸಿ ಪ್ರಕ್ರಿಯೆಯಲ್ಲಿ ಅಸ್ಸಾಂನ ಸುಮಾರು 27 ಲಕ್ಷ ಜನರ ಬಯೋಮೆಟ್ರಿಕ್ ಮಾಹಿತಿ ಬೀಗದೊಳಗೆ ಸಿಕ್ಕಿಕೊಂಡಿತ್ತು. ಅವರಲ್ಲಿ 9.35 ಲಕ್ಷ ಜನರಿಗೆ ಆಧಾರ್ ಸಿಗುತ್ತದೆ ಎಂಬ ಪ್ರಕಟಣೆ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಆಧಾರ್ ಇದ್ದವರಿಗೂ ಅದಕ್ಕೆ ಜೋಡಿಸಿದ ಹಳೇ ಸಿಮ್ ಈಗ ಇಲ್ಲದಿದ್ದರೆ ಓಟಿಪಿ ಬರಲ್ಲ. ಇನ್ನು, ಆಧಾರ್ ಪರಿಶೀಲನೆ ಆದ ಒಂದು ಖಾತೆಯ ಬೆಲೆ ಈಗ ಮೊದಲಿಗಿಂತ ಜಾಸ್ತಿ. ಮುಂಚೆ ಐಡಿ, ಪಾಸ್‌ವರ್ಡ್ ಕೇಳುತ್ತಿದ್ದವರು ಇನ್ನು ಮುಂದೆ ಫೋನನ್ನೇ ಕೈಗೆ ಕೊಡಿ, ಓಟಿಪಿ ಬಂದ ಕೂಡಲೇ ಹೇಳಿ ಅನ್ನುತ್ತಾರೆ. ಆಗ ಬೇರೆಯವರ ಕಿಟಕಿಗೆ ಬೀಳೋದು ರೈಲ್ವೆಯ ಪಾಸ್‌ವರ್ಡ್ ಮಾತ್ರ ಅಲ್ಲ, ಆಧಾರ್‌ನ ಓಟಿಪಿಯೂ ಹೌದು. ಟಿಕೆಟ್ ಕಳೆದುಕೊಂಡರೆ ಒಂದು ಪ್ರಯಾಣ ಹೋಯಿತು. ಇದು ತಪ್ಪು ಕೈಗೆ ಸಿಕ್ಕರೆ ಹೋಗೋದು ಒಂದು ಕುಯ್ಲಿನ ಇಡೀ ಸಂಪಾದನೆ.

ಕಿಟಕಿಯ ಯಜಮಾನನನ್ನು ಪುಟದೊಳಗಿನ ಬೀಗಗಳಿಂದ ಪೂರ್ತಿ ತಡೆಯೋಕೆ ಆಗಲ್ಲ. ಸ್ಕ್ರಿಪ್ಟ್‌ಗೆ ಈ ಬೆಲೆ ಬಂದಿರೋದು ಸೀಟಿನ ಕೊರತೆಯಿಂದ. ಕುಯ್ಲು ಮುಗಿಯುವ ತಿಂಗಳು ಪ್ರತಿ ವರ್ಷ ಬರುತ್ತೆ, ಎಷ್ಟು ಜನ ಯಾವ ಕಡೆ ಹೊರಡುತ್ತಾರೆ ಅನ್ನೋ ಅಂದಾಜು ತೋಟದವರಿಗೂ ಜಿಲ್ಲಾಡಳಿತಕ್ಕೂ ಇರುತ್ತೆ. ಹಬ್ಬಕ್ಕೆ ವಿಶೇಷ ರೈಲು ಬಿಡುವ ಹಾಗೆ ಫೆಬ್ರವರಿ, ಮಾರ್ಚ್‌ನಲ್ಲಿ ಗುವಾಹಟಿ ಕಡೆಗೆ ಹೆಚ್ಚುವರಿ ರೈಲು ಕೇಳಲು ಬೆಳೆಗಾರರ ಸಂಘಗಳಿಗೆ, ಸಂಸದರಿಗೆ ಏನಡ್ಡಿ? ಕಾರ್ಮಿಕರಿಲ್ಲ ಅಂತ ಕುಯ್ಲಿನ ಶುರುವಿನಲ್ಲಿ ಪೇಚಾಡುವವರು, ಅವರು ವಾಪಸ್ ಹೋಗುವ ದಾರಿಯ ಬಗ್ಗೆಯೂ ಒಂದು ಮಾತಾಡಬೇಕಲ್ಲ.

ಅಲ್ಲಿಯವರೆಗೆ ಲೈನ್ ಮನೆಯಲ್ಲೂ ತೋಟದ ಆಫೀಸಿನಲ್ಲೂ ಹೇಳಿಕೊಡಬೇಕಾದ್ದು ಇಷ್ಟು. ವಿಳಾಸದ ಪಟ್ಟಿ ಇಲ್ಲದ ಕಿಟಕಿಯಲ್ಲಿ ಪಾಸ್‌ವರ್ಡ್ ಹಾಕಬೇಡಿ. ಅಧಿಕೃತ ಏಜೆಂಟರಿಗೆ ಅವರದ್ದೇ ಐಡಿ ಇರುತ್ತದೆ. ನಿಮ್ಮ ಐಡಿ, ಪಾಸ್‌ವರ್ಡ್, ಆಧಾರ್ ಓಟಿಪಿ ಕೇಳಿದರೆ ಅಲ್ಲೇ ಎದ್ದು ಬನ್ನಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಇಟ್ಟಿದ್ದರೆ ಅದನ್ನೂ. ಮತ್ತೆ ತೋಟದ ರೈಟರ್‌ಗಳಿಗೆ ಒಂದು ಕೋರಿಕೆ: ಲೆಕ್ಕ ಚುಕ್ತಾ ಆಗುವ ದಿನವನ್ನು ಎರಡು ವಾರ ಮುಂಚೆ ಹೇಳಿದರೆ, ತತ್ಕಾಲ್‌ಗೆ ಕಾಯದೆ ಸಾಮಾನ್ಯ ರಿಸರ್ವೇಷನ್‌ಗೆ ಪ್ರಯತ್ನಿಸಲು ಅವರಿಗೊಂದು ಅವಕಾಶವಾದರೂ ಸಿಗುತ್ತದೆ.